ಫೆಲಿಕ್ಸನ ಹಡಗಿಗೆ ನಾವು ಕೇಳಿದ ಗಾಳಿ

ನನ್ನ ತಮ್ಮ ಫೆಲಿಕ್ಸ್ ಇದ್ದ ಹಡಗಿನಿಂದ ಹನ್ನೆರಡು ದಿನಗಳಿಂದ ಸುದ್ದಿಯಿಲ್ಲ ಎಂದು ಬೊಂಬಾಯಿಯ ಅವನ ನಾವಿಕ ಶಾಲೆಯಿಂದ ಕಾರ್ಡು ಬಂದದ್ದು ೧೯೫೯ರ ನವೆಂಬರಿನಲ್ಲಿ. ಕೊನೆಯಲ್ಲಿ "ಗಾಬರಿಪಡಲು ಕಾರಣವಿಲ್ಲ" ಎಂದು ಬರೆದಿದ್ದರು. ಆ ಸಾಲು ಓದಿ ಹೇಳಿದ ಮೇಲೆಯೇ ಅಮ್ಮನಿಗೆ ಗಾಬರಿ ಹತ್ತಿದ್ದು.

ಆಗ ನಾವಿದ್ದದ್ದು ಕಟಪಾಡಿಯಲ್ಲಿ. ನನ್ನ ಯಜಮಾನರಿಗೆ ಮಣಿಪಾಲದಲ್ಲಿ ಗುಮಾಸ್ತರ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗಿದ್ದರು. ಫೆಲಿಕ್ಸನಿಗೆ ಹತ್ತೊಂಬತ್ತು ವರ್ಷ. ವಿದೇಶದ ಒಂದು ತರಬೇತಿ ಹಡಗು ಕೊಲಂಬೊದಿಂದ ಆಸ್ಟ್ರೇಲಿಯಕ್ಕೆ ಹೊರಟಾಗ ಅವನ ಶಾಲೆಯಿಂದ ಇಬ್ಬರನ್ನು ಸೇರಿಸಿಕೊಂಡಿದ್ದರು. ಮೂರು ಕಂಬಗಳ ಹಾಯಿ ಹಡಗು. ಎಂಜಿನ್ ಇಲ್ಲ.

ಕೊಲಂಬೊದಿಂದ ಅವನು ಬರೆದ ಉದ್ದದ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ. ಮಲಗುವುದು ತೊಟ್ಟಿಲಿನಂತೆ ತೂಗುವ ಕ್ಯಾನ್ವಾಸಿನಲ್ಲಿ. ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆಯುತ್ತಾರೆ. ಬರಿಗಾಲಲ್ಲಿ ಕಂಬ ಹತ್ತಿ ಹಾಯಿ ಮಡಚಬೇಕು. ನೂರಕ್ಕೂ ಹೆಚ್ಚು ಹಗ್ಗಗಳಿವೆ, ಕಣ್ಣಿಗೆ ಬಟ್ಟೆ ಕಟ್ಟಿ "ಇದು ಯಾವುದು?" ಎಂದು ಪರೀಕ್ಷೆ ಮಾಡುತ್ತಾರೆ. ತಟ್ಟೆ ಜಾರದಂತೆ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸುತ್ತಾರೆ. ಸ್ನಾನ ಉಪ್ಪುನೀರಿನಲ್ಲಿ, ಸಾಬೂನಿಗೆ ನೊರೆ ಬರುವುದಿಲ್ಲ. ಹಾಗಾದರೆ ತಲೆಗೂದಲು ಏನಾಗುತ್ತದೆ ಎಂದು ನನಗೆ ಕುತೂಹಲ. ಗಣಿತದ ಮಾಸ್ತರರು ಹಡಗು ವಾಲಿದಾಗ ಬೋರ್ಡಿನ ಮೇಲೆ ಹೇಗೆ ಬರೆಯುತ್ತಾರೆ? ಕಾನ್ವೆಂಟಿನಲ್ಲಿ ಓದುವಾಗಿನ ನನ್ನ ಅಟ್ಲಾಸ್ ತೆಗೆದು, ಆ ಸಮುದ್ರಕ್ಕೆ ಹೊಲಿಗೆಯ ನೂಲು ಹಿಡಿದು ಅಳೆಯುತ್ತಾ ಕೂತಿರುತ್ತಿದ್ದೆ.

ಅಮ್ಮನಿಗೆ ಅದೊಂದೂ ಬೇಕಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕಾಪುವಿನ ಸಮುದ್ರ. ಗಾಳಿ ಎದ್ದರೆ ದೋಣಿ ಮಗುಚುತ್ತದೆ, ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಅಳು ಕೇಳುತ್ತದೆ. ಹಾಗಾಗಿ ಸಂಜೆಯ ತೇರ್ಸ್, ಎಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ, ಸರ ಕೈಯಲ್ಲಿರುವಾಗಲೇ, ಫೆಲಿಕ್ಸನ ಹೆಸರಿನಲ್ಲಿ ಇನ್ನೊಂದು ಪ್ರಾರ್ಥನೆ ಸೇರಿಸುತ್ತಿದ್ದರು: "ದೇವಾ, ಗಾಳಿ ಏಳದಿರಲಿ. ಸಮುದ್ರ ದೀಪದ ಎಣ್ಣೆಯ ಹಾಗೆ ಅಲುಗಾಡದೆ ಇರಲಿ." ನಾವೆಲ್ಲ "ಆಮೆನ್" ಎನ್ನುತ್ತಿದ್ದೆವು.

ಕಾರ್ಡು ಬಂದ ಮೇಲೆ ಅಮ್ಮ ಮಧ್ಯಾಹ್ನದ ಊಟ ಬಿಟ್ಟರು. ಮುಂದಿನ ಮಂಗಳವಾರ ನಾವಿಬ್ಬರೂ ಉಡುಪಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ನಡೆದು ಅತ್ತೂರಿನ ಸಂತ ಲಾರೆನ್ಸರ ಸನ್ನಿಧಿ ಸೇರಿದೆವು. ಮೊಣಕಾಲೂರಿ, ಕಣ್ಣೀರು ಸುರಿಸುತ್ತಾ ಅಮ್ಮ ಅಲ್ಲಿಯೂ ಕೇಳಿದ್ದು ಅದನ್ನೇ: ಗಾಳಿ ಬೇಡ.

ಮರಳಿ ಬಂದ ಮೇಲೂ ಸುದ್ದಿಯಿಲ್ಲ. ಯಜಮಾನರು ದಿನವೂ ಪೇಪರಿನಲ್ಲಿ ಹಡಗುಗಳ ಕಾಲಂ ಹುಡುಕಿ, ತಲೆಯಾಡಿಸುತ್ತಾ ಒಳಗೆ ಬರುತ್ತಿದ್ದರು. ಹಡಗು ಮುಳುಗಿದೆ ಎಂಬ ಮಾತು ನನ್ನ ಬಾಯಿಯ ತನಕ ಬಂದು ನಿಂತಿತ್ತು.

ಹನ್ನೆರಡು ದಿನ ಹೀಗೇ ಕಳೆದವು. ಒಂದು ಮಧ್ಯಾಹ್ನ ತೆಂಗಿನಕಾಯಿ ವ್ಯಾಪಾರದ ಮೊಯ್ದಿನ್ ಬ್ಯಾರಿ ಬಂದರು. ಪ್ರಾಯದಲ್ಲಿ ಅವರು ಮಂಜಿಯಲ್ಲಿ, ಎಂದರೆ ಹೆಂಚು ಹೇರಿಕೊಂಡು ಅರಬರ ಊರಿಗೆ ಹೋಗುವ ನಮ್ಮ ಹಾಯಿ ಹಡಗಿನಲ್ಲಿ, ಚುಕ್ಕಾಣಿ ಹಿಡಿದವರು.

"ಎಂತ ಬಾಯಮ್ಮ, ಮುಖ ಒಣಗಿದ ಕೊಪ್ಪರದ ಹಾಗೆ ಉಂಟು?" ಎಂದರು.

ಅಮ್ಮ ಎಲ್ಲ ಹೇಳಿದರು, ಪ್ರಾರ್ಥನೆಯನ್ನೂ ಹೇಳಿದರು. ಬ್ಯಾರಿಗಳು ಕಾಯಿ ಎಣಿಸುವುದನ್ನು ನಿಲ್ಲಿಸಿದರು.

"ಗಾಳಿ ಬೇಡ ಅಂತ ಕೇಳಿದ್ರಾ? ಹಾಯಿ ಹಡಗಿಗಾ? ಅಲ್ಲ ಬಾಯಮ್ಮ, ಎತ್ತು ಬಿಚ್ಚಿ ಗಾಡಿ ಓಡು ಅಂದ ಹಾಗಾಯ್ತು! ಗಾಳಿ ನಿಂತ್ರೆ ಹಡಗು ಅಲ್ಲೇ ಬಾಕಿ. ನಾವೊಮ್ಮೆ ಒಂಬತ್ತು ದಿನ ನಿಂತಿದ್ದೆವು. ಕುಡಿಯುವ ನೀರಿಗೆ ಜಗಳ ಆಗಿ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿದ್ದ."

ಅಮ್ಮ ಹೊಸ್ತಿಲಲ್ಲಿ ಕೂತುಬಿಟ್ಟರು. "ಮಗನನ್ನು ನಾನೇ ಕಟ್ಟಿ ಹಾಕಿದೆನಾ?"

"ಛೆ, ಹಾಗಲ್ಲ ಮಾರಾಯ್ರೆ. ಇವತ್ತೇ ಬದಲಿಸಿ."

"ಆದರೆ ಎಷ್ಟು ಕೇಳುವುದು? ಜಾಸ್ತಿಯಾದರೆ ಕಂಬದ ಮೇಲಿಂದ ಬೀಳ್ತಾನಲ್ವಾ?"

ಬ್ಯಾರಿಗಳು ಅಂಗಳ ನೋಡಿದರು. ಹಗ್ಗದ ಮೇಲೆ ನನ್ನ ಸೀರೆ ಒಣಗುತ್ತಿತ್ತು. "ಸೀರೆ ಪಟಪಟ ಅನ್ಬೇಕು, ಹಗ್ಗ ಬಿಟ್ಟು ಹಾರ್ಬಾರ್ದು. ಅಷ್ಟು. ನಾನೂ ನಮಾಜಿನಲ್ಲಿ ಕೇಳ್ತೇನೆ. ಆದರೆ ನಾನು ಬಾ ಅನ್ನುವಾಗ ನೀವು ಬೇಡ ಅನ್ಬೇಡಿ!"

ಎಷ್ಟೋ ದಿನಗಳ ಮೇಲೆ ಅಮ್ಮ ನಕ್ಕರು. ಅಂದಿನ ತೇರ್ಸಿನಲ್ಲಿ, "ದೇವಾ, ತಪ್ಪಾಯಿತು. ಗಾಳಿ ಕೊಡು, ಸೀರೆ ಹಾರದಷ್ಟು" ಎಂದರು. ನಗು ತಡೆಯಲಾರದೆ ಯಜಮಾನರ "ಆಮೆನ್" ಸ್ವಲ್ಪ ತಡವಾಯಿತು.

ಎರಡು ವಾರ ಕಳೆದು ತಂತಿ ಬಂತು. ಹಡಗು ಆಸ್ಟ್ರೇಲಿಯ ಮುಟ್ಟಿದೆ, ಎಲ್ಲರೂ ಕ್ಷೇಮ. ಅಮ್ಮ ತಂತಿಯನ್ನು ಕಣ್ಣಿಗೊತ್ತಿಕೊಂಡರು. ನಾನು ಅಡುಗೆಮನೆಗೆ ಹೋಗಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತೆ.

ಆಮೇಲೆ ಫೆಲಿಕ್ಸನ ಕಾಗದ ಬಂತು. ಸುದ್ದಿ ಕಳಿಸುವ ಯಂತ್ರ ಮೊದಲೇ ಕೆಟ್ಟಿತ್ತಂತೆ. ಆಮೇಲೆ ಗಾಳಿಯೂ ನಿಂತಿತು. "ಅಕ್ಕಾ, ಹದಿನೇಳು ದಿನ ಸಮುದ್ರ ದೀಪದ ಎಣ್ಣೆಯ ಹಾಗಿತ್ತು" ಎಂದು ಬರೆದಿದ್ದ. ಅಮ್ಮನ ಮಾತು ಅವನಿಗೆ ಗೊತ್ತಿರಲಿಲ್ಲ. ನಾವದನ್ನು ಬರೆದಿರಲೇ ಇಲ್ಲ. ಕುಡಿಯಲು ದಿನಕ್ಕೆ ಎರಡು ಲೋಟ ನೀರು. ಆದರೂ ಪಾಠ ನಿಲ್ಲಿಸಲಿಲ್ಲವಂತೆ. ಹಾಯಿಯ ನೆರಳಿನಲ್ಲಿ ಕೂತು ನಕ್ಷತ್ರಗಳ ಲೆಕ್ಕ ಮಾಡಿದರಂತೆ. ಸಿಳ್ಳೆ ಹಾಕಿದರೆ ಗಾಳಿ ಬರುತ್ತದೆಂಬ ನಾವಿಕರ ನಂಬಿಕೆಯಿಂದ ಎಲ್ಲ ದೇಶದ ಹುಡುಗರೂ ಸಿಳ್ಳೆ ಹಾಕಿ ಹಾಕಿ ತುಟಿ ಒಡೆದುಕೊಂಡರಂತೆ. ಹದಿನೆಂಟನೇ ದಿನ ಬೆಳಿಗ್ಗೆ, ತರಗತಿಯ ನಡುವೆ, ಪುಸ್ತಕದ ಹಾಳೆ ತಾನಾಗಿ ಮಗುಚಿತು. ಮಾಸ್ತರರೇ ಮೊದಲು ಎದ್ದು ಓಡಿದರಂತೆ.

ನಾನು ಕ್ಯಾಲೆಂಡರ್ ಇಟ್ಟುಕೊಂಡು ದಿನಗಳನ್ನು ಹೊಂದಿಸಿದೆ. ನಾವು ಅತ್ತೂರಿಗೆ ಹೋದದ್ದು ಹಡಗು ನಿಂತ ಆರನೇ ದಿನ. ಪ್ರಾರ್ಥನೆ ಬದಲಿಸಿದ್ದು ಹದಿನೆಂಟನೇ ದಿನ. ಆದರೆ ಸಂಜೆ! ಗಾಳಿ ಬೆಳಿಗ್ಗೆಯೇ ಬಂದಿತ್ತು. ಇದು ನನಗೆ ಮುಳ್ಳಿನ ಹಾಗೆ ಚುಚ್ಚಿತು. ನಾವು ಕೇಳಿದ್ದರಿಂದಲೇ ಗಾಳಿ ಬಂತೆಂದು ಸುಳ್ಳು ಸಾಕ್ಷಿ ಹೇಳಬಾರದಲ್ಲ? ನಮ್ಮ ಇಗರ್ಜಿಯ ವಿಗಾರ ಪಾದ್ರಿಗಳಲ್ಲಿ ಕೇಳಿಯೇಬಿಟ್ಟೆ.

ಪಾದ್ರಿಗಳು ಕನ್ನಡಕ ಒರೆಸಿಕೊಂಡರು. "ಕೇಳುವ ಮೊದಲೇ ದೇವರು ಕೊಟ್ಟದ್ದಕ್ಕೆ ನಿನ್ನ ತಕರಾರಾ, ಮಗಳೇ?"

ನಾವು ತಪ್ಪು ಕೇಳುತ್ತಿದ್ದಾಗಲೂ ಹಡಗಿನಲ್ಲಿದ್ದ ಎಪ್ಪತ್ತು ಮಕ್ಕಳಲ್ಲಿ ಒಬ್ಬನೂ ಸಾಯಲಿಲ್ಲ, ನಾವು ತಿದ್ದಿಕೊಳ್ಳುವ ತನಕ ದೇವರು ಕಾಯಲೂ ಇಲ್ಲ. ಇಷ್ಟು ಮಾತ್ರ ನಾನು ಕಂಡದ್ದು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಳೆದ ತಿಂಗಳು ಫೆಲಿಕ್ಸ್ ಮತ್ತೆ ಹೊರಟ, ಈ ಸಲ ಆಫೀಸರನಾಗಿ. ಅಂದು ತೇರ್ಸ್ ಮುಗಿದ ಮೇಲೆ ಅಮ್ಮ "ಫೆಲಿಕ್ಸ್" ಎಂದಷ್ಟೇ ಹೇಳಿ ಜಪಸರವನ್ನು ಡಬ್ಬಿಗೆ ಹಾಕಿದರು.

"ಎಂತ ಕೇಳಿದ್ದಮ್ಮ ಈ ಸಲ? ಗಾಳಿಯಾ, ಬೇಡವಾ?"

"ಹೆಸರು ಹೇಳಿದ್ದೇನಲ್ಲ," ಎಂದು ಅಮ್ಮ ಶಿಲುಬೆಯ ಗುರುತು ಹಾಕಿಕೊಂಡು ಎದ್ದರು. "ಸಮುದ್ರ ದೇವರದ್ದು. ನೀನು ಗಂಜಿ ಬಡಿಸು."