ಮಡಿಯಲ್ಲಿಟ್ಟ ಫೈಲು

ಮುಲುಂಡಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಎರಡು ವಸ್ತುಗಳನ್ನು ಯಾರೂ ಮುಟ್ಟುವಂತಿಲ್ಲ. ಒಂದು, ಅತ್ತೆ ಬಾಲ್ಕನಿಯ ಎತ್ತರದ ಗಳದ ಮೇಲೆ ಕೋಲಿನಿಂದ ಹರವುವ ಮಡಿಸೀರೆ. ಇನ್ನೊಂದು, ನನ್ನ ಕಂಪ್ಯೂಟರ್. ಇಲ್ಲಿನ ಕನ್ನಡದವರ ಲಗ್ನಪತ್ರಿಕೆಗಳನ್ನು ಅದರಲ್ಲಿ ಟೈಪ್ ಮಾಡಿ ಮನೆಯಲ್ಲೇ ಅಚ್ಚು ಹಾಕಿಕೊಡುತ್ತೇನೆ. ನನ್ನ ಕನ್ನಡ ಸಾಫ್ಟ್‌ವೇರ್ ಬಹಳ ಹಳೆಯದು, ಸಿ.ಡಿ.ಯಲ್ಲಿ ಬಂದದ್ದು. ಹೊಸದು ಯಾವುದೂ ನನ್ನ ಬೆರಳಿಗೆ ಒಗ್ಗುವುದಿಲ್ಲ.

ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ಯಾಕೋ ಕುಂಟುತ್ತಿದೆಯೆಂದು ಆ್ಯಂಟಿವೈರಸ್ಸಿನ ಸೆಟ್ಟಿಂಗ್ ತೆರೆದು ನೋಡಿದೆ. ಅಲ್ಲಿ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿಯಿತ್ತು. ಅದರಲ್ಲಿ ಇದ್ದದ್ದು ಒಂದೇ ಹೆಸರು, ನನ್ನ ಕನ್ನಡ ಸಾಫ್ಟ್‌ವೇರಿನದು. ಎಕ್ಸ್‌ಕ್ಲೂಷನ್ ಎಂದರೆ ಹೊರಗಿಡುವುದಲ್ಲವೇ? ಬಹಿಷ್ಕಾರ! ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇಡೀ ಮುಂಬಯಿಯಲ್ಲಿ ಎಲ್ಲ ಭಾಷೆಗೂ ಜಾಗವಿದೆ, ನನ್ನ ಕನ್ನಡ ಇವರಿಗೇನು ಮಾಡಿತ್ತು? ಪಟ್ಟಿಯಿಂದ ಅದನ್ನು ಕಿತ್ತುಹಾಕಿ, ದೊಡ್ಡ ಕನ್ನಡಸೇವೆ ಮಾಡಿದವಳಂತೆ ಚಹಾ ಕುಡಿದೆ.

ಮಧ್ಯಾಹ್ನ ಗಾರೆಕೆಲಸದ ಗೌಂಡಿಯೊಬ್ಬರು ಬಂದರು. ವಿಜಯಪುರದ ಕಡೆಯವರು, ನಮ್ಮ ಹಿಂದೆ ಏಳುತ್ತಿರುವ ಬಿಲ್ಡಿಂಗಿನಲ್ಲಿ ಇಟ್ಟಿಗೆ ಕಟ್ಟುತ್ತಿದ್ದರು. ಅವರ ಮಗಳ ಲಗ್ನಪತ್ರಿಕೆ ಅಚ್ಚು ಹಾಕುವುದಷ್ಟೇ ಬಾಕಿಯಿತ್ತು. ಸಂಜೆಯ ಗಾಡಿಗೆ ಪತ್ರಿಕೆಗಳನ್ನು ಹೊತ್ತು ಅವರು ಊರಿಗೆ ಹೊರಡಬೇಕು.

“ಅಕ್ಕಾರ, ಸ್ವಾದರಮಾವನ ಹೆಸರು ಬಿಟ್ಟೈತ್ರಿ. ಹೆಸರಿಲ್ಲಂದ್ರ ಆಂವ ಮದಿವ್ಯಾಗ ಊಟಕ್ಕ ಕುಂಡ್ರಂಗಿಲ್ಲ. ಮಗಳು ಫೋನಿನ್ಯಾಗ ಅಳಾಕತ್ಯಾಳ್ರಿ.”

ನಮ್ಮ ಕಡೆ ಸೋದರಮಾವ ಮುನಿದರೆ ಮದುವೆಗೆ ಕಳೆಯೇ ಇಲ್ಲ. ನಾನೇ ಬಿಟ್ಟಿರಬೇಕೆಂದು ನಾಚಿಕೆಯಾಗಿ, “ಎರಡು ನಿಮಿಷ ಕೂಡ್ರಿ” ಎಂದು ಸಾಫ್ಟ್‌ವೇರ್ ತೆರೆಯಲು ಹೋದೆ. ಅದು ಇರಲೇ ಇಲ್ಲ! ಅಪಾಯವನ್ನು ತೆಗೆದುಹಾಕಲಾಗಿದೆ ಎಂದು ಆ್ಯಂಟಿವೈರಸ್ ಮೂಲೆಯಲ್ಲಿ ಹಸಿರು ಗುರುತು ತೋರಿಸುತ್ತಿತ್ತು.

ಅದನ್ನು ಹಾಕಿಕೊಟ್ಟಿದ್ದ ಘಾಟ್ಕೋಪರಿನ ರಿಪೇರಿಯವನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟೆ.

“ಮ್ಯಾಡಮ್, ಎಕ್ಸ್‌ಕ್ಲೂಷನ್ ಸೇ ಕಿಸ್ನೇ ನಿಕಾಲಾ?” ಪಟ್ಟಿಯಿಂದ ಅದನ್ನು ತೆಗೆದವರು ಯಾರೆಂದು ಕೇಳಿದ.

“ಮೈನೇ,” ನಾನೇ ಎಂದೆ, ಸಣ್ಣ ದನಿಯಲ್ಲಿ. ಕನ್ನಡವನ್ನು ಹೊರಗೆ ಹಾಕಿದ್ದಾರೆಂದು ತಿಳಿದು ಕಿತ್ತೆನೆಂದೂ ಒಪ್ಪಿಕೊಂಡೆ.

ಅವನು ಹಿಂದಿಯಲ್ಲಿ ತಿಳಿಸಿ ಹೇಳಿದ. ಕನ್ನಡ ಅಕ್ಷರ ಮೂಡಿಸಲು ಆ ಸಾಫ್ಟ್‌ವೇರ್ ನಾನು ಒತ್ತುವ ಪ್ರತಿ ಕೀಲಿಯನ್ನೂ ಗಮನಿಸುತ್ತದೆ. ಆ್ಯಂಟಿವೈರಸ್ಸಿಗೆ ಅದು ಕಳ್ಳನಂತೆ ಕಾಣುತ್ತದೆ. ಕಳ್ಳನಲ್ಲವೆಂದು ಖಾತ್ರಿ ಮಾಡಿಕೊಂಡೇ ಅವನು ಅದನ್ನು ಆ ಪಟ್ಟಿಗೆ ಸೇರಿಸಿದ್ದನಂತೆ. ಪಟ್ಟಿಯಲ್ಲಿದ್ದದ್ದನ್ನು ಆ್ಯಂಟಿವೈರಸ್ ತಪಾಸಣೆ ಮಾಡುವುದಿಲ್ಲ.

ಬತ್ತಿ ಹೊಸೆಯುತ್ತಿದ್ದ ಅತ್ತೆ ಮುಂಬಯಿಗೆ ನನಗಿಂತ ಹಳಬರು, ಹಿಂದಿ ಚೆನ್ನಾಗಿ ತಿಳಿಯುತ್ತದೆ. ಅವರು ತಲೆಯೆತ್ತಿ, “ಅಯ್ಯ, ಅದು ಹೊರಗ ಹಾಕೂದಲ್ಲವ್ವಾ, ಮಡಿ! ನನ್ನ ಸೀರಿ ಇದ್ದಂಗ. ಯಾರೂ ಮುಟ್ಟಬಾರದಂತ ಮ್ಯಾಲೆ ಇಟ್ಟಿದ್ದಾನ,” ಎಂದರು.

“ಹಂಗಾದ್ರ ಇಡೀ ಕಂಪ್ಯೂಟರ್ ಅದರಾಗ ಹಾಕಿಬಿಡ್ತೀನಿ,” ಎಂದೆ ನಾನು.

“ಇಡೀ ಮನೀನ ಮಡಿ ಮಾಡಿದ್ರ ನಾವೆಲ್ಲೆ ಅಡ್ಡಾಡೂದು?”

ರಿಪೇರಿಯವನೂ ಅದನ್ನೇ ಹೇಳಿದ. ಆ ಒಂದು ಫೋಲ್ಡರ್ ಮಾತ್ರ ಸಾಕು, ಬೇರೆ ಏನೂ ಬೇಡ. ಅವನು ಹೇಳಿದಂತೆ ಮೊದಲು ಅದನ್ನು ಪಟ್ಟಿಗೆ ಸೇರಿಸಿದೆ. ಆಮೇಲೆ ಆ್ಯಂಟಿವೈರಸ್ ‘ಕ್ವಾರಂಟೈನ್’ ಎಂಬ ಕೋಣೆಯಲ್ಲಿ ಕೂಡಿಹಾಕಿದ್ದ ಫೈಲನ್ನು ಬಿಡಿಸಿದೆ. ಪರದೆಯ ಮೇಲೆ ‘ಅ’ ಮೂಡಿದಾಗ ಎಷ್ಟು ಖುಷಿಯಾಯಿತೆಂದರೆ, ಮೊದಲ ಸಲ ಅಕ್ಷರ ಕಲಿತಾಗಲೂ ಅಷ್ಟು ಆಗಿರಲಿಲ್ಲ.

ಸೋದರಮಾವನ ಹೆಸರು ಸೇರಿತು, ಪ್ರಿಂಟರ್ ಓಡತೊಡಗಿತು. ನಾನು ಹೇಗೆ ಬಿಟ್ಟೆನೆಂದು ನೋಡಲು ಗೌಂಡಿ ಬರೆದುಕೊಟ್ಟಿದ್ದ ಹಾಳೆ ತೆಗೆದೆ. ಹೆಸರು ಅಲ್ಲಿತ್ತು. ಅದರ ಮೇಲೆ ಕಾಗದ ಹರಿಯುವಂತೆ ಗೀಟು ಎಳೆದಿದ್ದರು.

“ನಿಮ್ಮ ತಪ್ಪಲ್ರಿ ಅಕ್ಕಾರ,” ಗೌಂಡಿ ತಲೆ ಕೆರೆದುಕೊಂಡರು. “ಎರಡು ವರ್ಷ ಆತು, ಅವಂಗೂ ನನಗೂ ಮಾತಿಲ್ಲ. ಸಿಟ್ಟಿನ್ಯಾಗ ನಾನ ಹೊಡದ ಹಾಕಿದ್ನಿ.”

ಬೆಳಿಗ್ಗೆ ಅದೇ ಘನಕಾರ್ಯ ಮಾಡಿದ್ದ ನಾನು ಅವರಿಗೆ ಯಾವ ಬುದ್ಧಿ ಹೇಳಲಿ? ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಪತ್ರಿಕೆಗಳ ಕಟ್ಟನ್ನು ಎದೆಗವಚಿಕೊಂಡು ಸ್ಟೇಷನ್ನಿಗೆ ಓಡಿದರು.

ಮದುವೆಯ ಮರುದಿನ ಅವರ ಫೋನು ಬಂತು.

“ಆಂವ ಮದಲನೇ ಪಂಕ್ತಿಗೇ ಕುಂತಿದ್ದನ್ರಿ ಅಕ್ಕಾರ. ಹುಗ್ಗಿ ನಾನ ನೀಡಿದ್ನಿ.”