ಯಾರ್ಡಿನಲ್ಲಿ ಕಲಿತ ಲಂಡನ್ ಇಂಗ್ಲಿಷ್

ಕುವೈತಿನ ಅಹ್ಮದಿಯಲ್ಲಿರುವ ನಮ್ಮ ಯಾರ್ಡಿನಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಹತ್ತು ನಿಮಿಷದ ಮಾತು ಇರುತ್ತದೆ. ಇವತ್ತು ಏನನ್ನು ಎತ್ತುತ್ತೇವೆ, ಅದರ ಭಾರ ಎಷ್ಟು, ಯಾರು ಎಲ್ಲಿ ನಿಲ್ಲಬೇಕು, ಇಷ್ಟೇ. ಬೇರೆ ಕಡೆ ಇದು ಸಹಿ ಹಾಕಿಸಿಕೊಂಡು ಮುಗಿಸುವ ಶಾಸ್ತ್ರ. ನಮ್ಮಲ್ಲಿ ಹಾಗಲ್ಲ. ಸಾಹೇಬರು ಹೇಳಿದ್ದನ್ನು ಪ್ರತಿಯೊಬ್ಬನೂ ತನ್ನ ಬಾಯಿಂದ ತಿರುಗಿ ಹೇಳಬೇಕು. ಒಬ್ಬ ತಪ್ಪಿದರೂ ಕ್ರೇನಿನ ಹುಕ್ ಕೆಳಗಿಳಿಯುವುದಿಲ್ಲ.

ನಾನು ಇಂಗ್ಲಿಷ್ ಕಲಿತದ್ದು ಹೀಗೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಪೀಣ್ಯದಲ್ಲಿ ಹನ್ನೆರಡು ವರ್ಷ ಖಲಾಸಿಯಾಗಿ, ಅಂದರೆ ದೊಡ್ಡ ಮೆಷಿನ್ನುಗಳಿಗೆ ಬೆಲ್ಟು ಬಿಗಿದು ಎತ್ತಿಸಿ ಇಳಿಸುವ ಕೆಲಸ ಮಾಡಿ ಕುವೈತಿಗೆ ಬಂದೆ. ಬಂದಾಗ ನನ್ನ ಹತ್ತಿರ ‘ಯೆಸ್’, ‘ನೋ’, ‘ಸಾರ್’ ಬಿಟ್ಟರೆ ಬೇರೆ ಇಂಗ್ಲಿಷ್ ಇರಲಿಲ್ಲ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ತಿರುಗಿ ಹೇಳಿ ಹೇಳಿ ಬಾಯಿ ಪಳಗಿತು. ಅದೂ ಎಂಥ ಇಂಗ್ಲಿಷ್! ನಮ್ಮ ಸಾಹೇಬರು ಖುದ್ದು ಲಂಡನ್ನಿನವರು. ಅರವತ್ತು ದಾಟಿದ, ಬಿಸಿಲಿಗೆ ಕತ್ತು ಕೆಂಪಾದ ಮನುಷ್ಯ. ಸಾರ್ ಅನ್ನಬೇಡಿ, ‘ಗವ್’ ಅನ್ನಿ ಎಂದಿದ್ದರು, ಅವರ ಕಡೆ ಮೇಸ್ತ್ರಿಯನ್ನು ಹಾಗೆ ಕರೆಯುವುದಂತೆ. ನಾವೆಲ್ಲ ಗವ್ ಎಂದೇ ಕರೆಯುತ್ತಿದ್ದೆವು.

ಗವ್ ಬಾಯಲ್ಲಿ ಹೆಲ್ಮೆಟ್ ‘ಎಲ್ಮೆಟ್’, ಹುಕ್ ‘ಉಕ್’. ಥ್ರೀ ಟನ್ ಅಲ್ಲ, ‘ಫ್ರೀ ಟನ್’. ವಾಟರ್ ಅನ್ನುವಾಗ ನಡುವಿನ ಟಕಾರವನ್ನು ಗಂಟಲಲ್ಲೇ ನುಂಗಿಬಿಡುತ್ತಿದ್ದರು. ಮೆಟ್ಟಿಲಿಗೆ ‘ಆಪಲ್ಸ್’ ಅನ್ನುತ್ತಿದ್ದರು. ‘ಆಪಲ್ಸ್ ಅಂಡ್ ಪೇರ್ಸ್’ ಅನ್ನುವುದು ‘ಸ್ಟೇರ್ಸ್’ಗೆ ಪ್ರಾಸವಂತೆ, ಪ್ರಾಸದ ತುಂಡನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದಂತೆ. ನೇಪಾಳದ ಹುಡುಗರು, ಬಿಹಾರದವರು, ಒಬ್ಬ ಈಜಿಪ್ಟಿನವನು, ಎಲ್ಲರೂ ಹಾಗೆಯೇ ಮಾತಾಡುತ್ತಿದ್ದೆವು. ಮೈಸೂರಿನ ಇಂಜಿನಿಯರ್ ಒಬ್ಬರು ನಮ್ಮ ಯಾರ್ಡಿಗೆ ಹೊಸದಾಗಿ ಬಂದಾಗ ನಾನೇ ತಿದ್ದಿದ್ದೆ: “ಸಾರ್, ಲಂಡನ್ನಲ್ಲಿ ಹುಕ್ ಅನ್ನಲ್ಲ. ಉಕ್ ಅಂತಾರೆ.” ಅವರು ನಕ್ಕಿದ್ದರು. ನಾಚಿಕೆಯಿಂದ ನಕ್ಕರು ಅಂದುಕೊಂಡಿದ್ದೆ.

ಈ ವರ್ಷ ಗವ್ ಊರಿಗೆ ಹೊರಟು ನಿಂತರು. ತಮ್ಮ ಜಾಗಕ್ಕೆ ನನ್ನ ಹೆಸರು ಬರೆದುಕೊಟ್ಟರು. ಆದರೆ ಸೂಪರ್‌ವೈಸರ್ ಕಾರ್ಡು ಇಲ್ಲದೆ ಬಿಳಿ ಹೆಲ್ಮೆಟ್ ಹಾಕುವ ಹಾಗಿಲ್ಲ. ಹೊರಗಿನಿಂದ ಪರೀಕ್ಷಕರು ಬಂದು, ನಾನು ತಂಡಕ್ಕೆ ಬೆಳಗಿನ ಮಾತು ಹೇಳಿ ಒಂದು ಭಾರ ಎತ್ತಿಸುವುದನ್ನು ನೋಡುತ್ತಾರೆ. ಫೇಲಾದರೆ ಬೇರೆ ಸೈಟಿನಿಂದ ಯಾರನ್ನೋ ತಂದು ನಮ್ಮ ಹತ್ತು ಜನರ ತಲೆಯ ಮೇಲೆ ಕೂರಿಸುತ್ತಾರೆ. ಗವ್ ಬಿಟ್ಟರೆ ಆ ಯಾರ್ಡನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಇದು ಜಂಬದ ಮಾತಲ್ಲ, ಬೇಕಾದರೆ ಕೇಳಿ ನೋಡಿ.

ಪರೀಕ್ಷೆಗೆ ಐದು ದಿನ ಇತ್ತು. ಮೈಸೂರಿನ ಇಂಜಿನಿಯರ್ ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದರು.

“ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ಬರ್ತಿರೋ ಎಗ್ಸಾಮಿನರ್ ಇಂಗ್ಲೆಂಡಿನ ಲೇಡಿ. ಅವರ ಮುಂದೆ ಹಿಂಗೆಲ್ಲಾ ಮಾತಾಡ್ಬೇಡಿ.”

“ಹಿಂಗೆ ಅಂದ್ರೆ ಹೆಂಗೆ ಸಾರ್? ಇದು ಲಂಡನ್ ಇಂಗ್ಲಿಷಲ್ವಾ?”

“ಲಂಡನ್ನೇ. ಆದ್ರೆ ಅಲ್ಲಿನ ಕೂಲಿಯೋರ್ದು. ಕಾಕ್ನಿ ಅಂತಾರೆ. ನಿಮ್ಮ ಗವ್ ಅಷ್ಟೊಂದ್ ಓದಿರೋರಲ್ಲ, ಬಿಡಿ.”

ನಾನು ನಂಬಲಿಲ್ಲ. ಅವರು ಫೋನಿನಲ್ಲಿ ಒಂದು ವಿಡಿಯೋ ಹಾಕಿದರು. ಕೋಟು ಹಾಕಿದ ಬಿಳಿಯನೊಬ್ಬ ಕಾಕ್ನಿಯವರನ್ನು ಅಣಕಿಸುತ್ತಿದ್ದ. ಹಕಾರ ತಿನ್ನುವುದು, ಟಕಾರ ನುಂಗುವುದು, ಥ್ರೀಗೆ ಫ್ರೀ ಅನ್ನುವುದು. ಎದುರಿಗೆ ಕುಳಿತ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನ ಬಾಯಿಂದ ಬಂದ ಒಂದೊಂದು ಮಾತೂ ನನ್ನದು. ಕೈಯಲ್ಲಿದ್ದ ಖುಬ್ಬೂಸ್ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು.

ನನ್ನನ್ನು ಸ್ಕೂಲು ಬಿಡಿಸಿದ್ದೇ ಈ ಹಕಾರ. ನಮ್ಮ ಮಂಡ್ಯದ ಕಡೆ ಮನೆಯಲ್ಲಿ ಯಾರೂ ಹಾಲು ಅನ್ನುವುದಿಲ್ಲ, ‘ಆಲು’ ಅನ್ನುತ್ತಾರೆ. ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ದಿನಾ ಹೇಳಿಸುತ್ತಿದ್ದರು, ಕ್ಲಾಸು ಪೂರಾ ನಗುತ್ತಿತ್ತು. ಒಂದು ದಿನ ಬೆಂಚಿನಿಂದ ಇಳಿದವನು ಮತ್ತೆ ಹೋಗಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ನಾನೇ ಹಟ ಹಿಡಿದು, ಒಬ್ಬನೇ ಗೊಣಗಿ ಗೊಣಗಿ, ಒಂದೊಂದು ಹಕಾರವನ್ನೂ ಬಾಯಿಗೆ ತಂದುಕೊಂಡೆ. ಹಾಗೆ ಬೆವರು ಸುರಿಸಿ ತಂದುಕೊಂಡದ್ದನ್ನು ಕುವೈತಿಗೆ ಬಂದು ಇಂಗ್ಲಿಷಿನಲ್ಲಿ ನಗುನಗುತ್ತಾ ಬಿಟ್ಟುಕೊಟ್ಟಿದ್ದೆನಲ್ಲ! ಸಮುದ್ರ ದಾಟಿ ಬಂದು ಮತ್ತೆ ಅದೇ ಬೆಂಚು ಹತ್ತಿದ್ದೆ. ಈ ಸಲ ಯಾರೂ ಹತ್ತಿಸಿರಲಿಲ್ಲ.

ಸಿಟ್ಟಿನಲ್ಲಿ ಗವ್ ಕ್ಯಾಬಿನ್ನಿಗೆ ಹೋದೆ. ಅವರು ಕುವೈತ್ ಸಿಟಿಯ ಮಿರ್ಕಾಬಿನಲ್ಲಿರುವ ಹೆಡ್ ಆಫೀಸಿನ ಜೊತೆ ಫೋನಿನಲ್ಲಿದ್ದರು. ಬಾಗಿಲಲ್ಲೇ ನಿಂತುಬಿಟ್ಟೆ. ಆ ದನಿಯೇ ಬೇರೆ. ಹಕಾರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು, ಟಕಾರ ಒಂದೂ ಗಂಟಲಿಗೆ ಇಳಿಯಲಿಲ್ಲ. ಅದೇ ಕೆಂಪು ಕತ್ತು, ಅದೇ ಬಾಯಿ, ಒಳಗಿನಿಂದ ಬೇರೆ ಯಾರೋ ಮಾತಾಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವರ ಆಫೀಸಿನ ಫೋನು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಅವರು ಫೋನಿಟ್ಟ ಕೂಡಲೇ ಕೇಳಿದೆ. “ನಮಗೆ ಕೂಲಿಯವರ ಇಂಗ್ಲಿಷ್ ಯಾಕೆ ಕಲಿಸಿದಿರಿ ಗವ್? ಇದು ಇತ್ತಲ್ಲ, ಈಗ ಮಾತಾಡಿದಿರಲ್ಲ, ಅದನ್ನ ಕಲಿಸಬಾರದಿತ್ತಾ?”

ಅವರ ಮುಖಕ್ಕೂ ಕತ್ತಿನ ಬಣ್ಣವೇ ಏರಿತು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ನಮ್ಮೂರ ಕನ್ನಡದಲ್ಲೇ ಬರೆಯಬೇಕು. ಅದೇ ಸರಿಯಾದ ಅನುವಾದ.

“ನಾನೆಲ್ಲಲಾ ಕಲಿಸ್ದೆ? ನಾ ಕೆಲ್ಸ ಏಳ್ದೆ, ನೀವು ಅಂಗೇ ಎತ್ಕಂಡ್ರಿ. ಮೊದಮೊದ್ಲು ನೀವೆಲ್ಲಾ ನನ್ನ ಅಣಕುಸ್ತಾ ಇದೀರ ಅನ್ಕಂಡು ಒಳ್ಗೊಳ್ಗೇ ಕುದ್ದೋಯ್ತಿದ್ದೆ. ಆಮ್ಯಾಕೆ ಕಿವಿಗೆ ಇತವಾಯ್ತು. ನಮ್ಮ ಬೀದೀಲೇ ಇದ್ದಂಗಾಯ್ತು, ಬುಟ್ಬುಟ್ಟೆ.”

ಆಮೇಲೆ ಕೂರಿಸಿ ಬೀದಿಯ ಕಥೆ ಹೇಳಿದರು. ಲಂಡನ್ನಿನ ಪೂರ್ವದ ದಿಕ್ಕು, ಹಡಗುಕಟ್ಟೆಯ ಪಕ್ಕ. “ನಮ್ಮಪ್ಪ ಅಡಗಿಂದ ಮೂಟೆ ಇಳುಸ್ತಿದ್ದ, ನಮ್ಮವ್ವ ಸಂತೇಲಿ ಅಣ್ಣು ಮಾರ್ತಿದ್ಲು. ಅಳ್ಳಿ ಬುಟ್ಟು ಬಂದೋರು, ಐರ್ಲೆಂಡಿನೋರು, ಯಹೂದಿಗಳು, ಎಲ್ಲಾ ಅದೇ ಗಲ್ಲೀಲಿ ವೊಟ್ಟೆ ಒರ್ಕತಿದ್ರು. ಎಲ್ರ ಮಾತೂ ಕಲಸ್ಕಂಡು ಈ ಮಾತಾಯ್ತು. ಪ್ರಾಸದ್ದು ಐತಲ್ಲ, ಅದು ಪೋಲಿಸ್ನೋರಿಗೆ ತಿಳೀಬಾರ್ದು ಅಂತ ಸಂತೆಯೋರು ಕಟ್ಕಂಡಿದ್ದಂತೆ. ನಿಜವೋ ಸುಳ್ಳೋ, ನಾ ಕಾಣೆ. ಕಾಕ್ನಿ ಅಂದ್ರೆ ಏನ್ ಗೊತ್ತೇನ್ಲಾ? ಉಂಜ ಇಕ್ಕಿದ ಮೊಟ್ಟೆ! ಅಂಗಂತ ಬೈಯ್ಯೋರು.”

ಅವರೂ ಹದಿನೈದಕ್ಕೆ ಸ್ಕೂಲು ಬಿಟ್ಟವರಂತೆ. ಮೊದಲ ಸಲ ಆಫೀಸಿನ ಮೀಟಿಂಗಿಗೆ ಹೋದಾಗ ಅಲ್ಲಿನವರು ನಕ್ಕರಂತೆ. ಆಮೇಲೆ ಈ ಎರಡನೇ ದನಿ ಮಾಡಿಕೊಂಡರಂತೆ. ಬಿಳಿ ತೊಗಲಿನವರಲ್ಲೂ ಬೆಂಚು ಹತ್ತಿಸುವವರು, ಹತ್ತುವವರು ಇರುತ್ತಾರೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸಿಟ್ಟು ಇಳಿಯಿತು. ಆದರೆ ಪರೀಕ್ಷೆಯ ಭಯ ಇಳಿಯಲಿಲ್ಲ. ಮಹಬೂಲಾದಲ್ಲಿದ್ದ ನನ್ನ ರೂಮಿನಲ್ಲಿ ಕುಳಿತು ಇಂಜಿನಿಯರ್ ಬರೆದುಕೊಟ್ಟ ಇಂಗ್ಲಿಷನ್ನು ಉರು ಹೊಡೆದೆ.

ಪರೀಕ್ಷೆಯ ದಿನ ನಮ್ಮ ಕ್ರೇನು ರಿಪೇರಿಗೆ ಹೋಗಿತ್ತು. ಬಾಡಿಗೆಯ ಕ್ರೇನ್ ಬಂತು. ಅದರ ಆಪರೇಟರ್ ಒಬ್ಬ ವಯಸ್ಸಾದ ಪಾಕಿಸ್ತಾನಿ, ಕ್ರೇನಿನ ಕ್ಯಾಬಿನ್ನಿನಲ್ಲೇ ಕುಳಿತಿದ್ದ. ಮೂರು ಟನ್ನಿನ ಪಂಪನ್ನು ಕಟ್ಟೆಯ ಮೇಲೆ ಕೂರಿಸಬೇಕು. ಇಂಗ್ಲೆಂಡಿನ ಮೇಡಂ ಪ್ಯಾಡು ಹಿಡಿದು ನೆರಳಿಗೆ ನಿಂತರು.

ನಾನು ಉರು ಹೊಡೆದದ್ದನ್ನು ಶುರು ಮಾಡಿದೆ. ಹುಕ್, ಹೆಲ್ಮೆಟ್, ಥ್ರೀ ಟನ್. ಹುಡುಗರು ಮುಖ ಮುಖ ನೋಡಿಕೊಂಡರು.

“ಭಾಯಿ, ತಬಿಯತ್ ಠೀಕ್ ಹೈ ನಾ?” ಎಂದು ನೇಪಾಳದ ಒಬ್ಬ ಹುಡುಗ ನನ್ನ ಆರೋಗ್ಯ ವಿಚಾರಿಸಿದ. ನಾಲ್ವರು ಕಿಸಕ್ಕೆಂದರು.

ತಿರುಗಿ ಹೇಳು ಎಂದೆ. ಹೇಳಿದ, ನಿಲ್ಲುವ ಜಾಗವನ್ನೇ ತಪ್ಪಾಗಿ ಹೇಳಿದ. ಎರಡನೆಯವನೂ ತಪ್ಪಿದ. ಮೂರು ಟನ್ ತಲೆಯ ಮೇಲೆ ತೂಗುವಾಗ ಒಬ್ಬ ತಪ್ಪು ಜಾಗದಲ್ಲಿ ನಿಂತರೆ ಆಮೇಲೆ ಅವನ ಮನೆಗೆ ಫೋನು ಮಾಡಬೇಕಾದವನು ನಾನು. ಮೇಡಂ ಏನಾದರೂ ಬರೆದುಕೊಳ್ಳಲಿ ಎಂದು ನಮ್ಮ ಯಾರ್ಡಿನ ಇಂಗ್ಲಿಷಿಗೆ ಇಳಿದೆ. ಉಕ್, ಎಲ್ಮೆಟ್, ಫ್ರೀ ಟನ್. ಹತ್ತೂ ಜನ ಒಂದು ಅಕ್ಷರ ತಪ್ಪದೆ ತಿರುಗಿ ಹೇಳಿದರು. ಎದೆಯುಬ್ಬಿತು. ಕ್ರೇನಿಗೆ ಸನ್ನೆ ಮಾಡಲು ಕೈ ಎತ್ತಿದೆ.

“ಸ್ಟಾಪ್,” ಎಂದರು ಮೇಡಂ.

ಅವರು ನೇರವಾಗಿ ಕ್ರೇನಿನ ಹತ್ತಿರ ಹೋಗಿ ಆಪರೇಟರನ್ನು ಕೇಳಿದರು: ಈತ ಏನು ಹೇಳಿದ?

ಅವನು ನನ್ನ ಕಡೆ ನೋಡಿ ಕೈಯಾಡಿಸಿದ. “ಮುಝ್‌ಸೆ ತೋ ಕಿಸೀ ನೇ ಕುಛ್ ಪೂಛಾ ಹೀ ನಹೀಂ, ಭಾಯಿ.”

ಎತ್ತಿದ ಕೈ ಇಳಿಸಿದೆ. ನಮ್ಮ ಆಪರೇಟರ್ ಯಾವಾಗಲೂ ಸಾಲಿನಲ್ಲೇ ನಿಂತಿರುತ್ತಿದ್ದ. ಇವನು ಹೊರಗಿನವನು, ಮೇಲೆ ಕುಳಿತಿದ್ದ, ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮೂರು ಟನ್ ಭಾರದ ಹಿಡಿಕೆ ಯಾರ ಕೈಯಲ್ಲಿತ್ತೋ ಅವನೊಬ್ಬನನ್ನೇ ನಾನು ಕೇಳಿರಲಿಲ್ಲ. ಐದು ದಿನ ಹಕಾರಕ್ಕಾಗಿ ಒದ್ದಾಡಿ, ಒಂಬತ್ತು ವರ್ಷ ಬಾಯಿಪಾಠ ಮಾಡಿದ ಒಂದೇ ಒಂದು ನಿಯಮವನ್ನು ಮುರಿದಿದ್ದೆ. ಗವ್ ದೂರದಲ್ಲಿ ನಿಂತು ತಲೆ ತಗ್ಗಿಸಿದ್ದು ಕಂಡಿತು.

“ಭಾರ ಇನ್ನೂ ನೆಲ ಬಿಟ್ಟಿಲ್ಲ,” ಎಂದರು ಮೇಡಂ. “ಮೊದಲಿಂದ ಶುರು ಮಾಡಿ.”

ಕ್ರೇನಿನ ಏಣಿ ಹತ್ತಿ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಅವನು ಹಿಂದಿಯಲ್ಲೇ ತಿರುಗಿ ಹೇಳಿದ. ಕೆಳಗಿಳಿದು ಅವನು ಏನೆಂದನೆಂದು ಮೇಡಂಗೆ ಹೇಳಿದೆ, ನನಗೆ ಬರುವ ಇಂಗ್ಲಿಷಿನಲ್ಲಿ. ಪಂಪು ಎದ್ದಿತು, ಕಟ್ಟೆಯ ಮೇಲೆ ಅಲುಗಾಡದೆ ಕುಳಿತಿತು.

ಸಹಿಗೆಂದು ಮೇಡಂ ಪ್ಯಾಡು ಮುಂದೆ ಹಿಡಿದಾಗ ತಡೆಯಲಾಗದೆ ಕೇಳಿದೆ: “ನನ್ನ ಇಂಗ್ಲಿಷ್ ಬಗ್ಗೆ ಏನು ಬರೆದಿರಿ?”

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಅದಕ್ಕೆ ಇದರಲ್ಲಿ ಕಾಲಮ್ಮೇ ಇಲ್ಲವಲ್ಲ,” ಎಂದರು.

ನಿಜವಾಗಿಯೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದೆ. ಇದ್ದದ್ದು, ಎಲ್ಲರಿಗೂ ತಿಳಿಯಿತೇ ಎಂಬ ಒಂದು ಸಾಲು. ಅದರ ಮುಂದೆ ಹೌದು ಎಂದು ಬರೆದು, ಪಕ್ಕದಲ್ಲಿ ‘ಎರಡನೇ ಸಲಕ್ಕೆ’ ಎಂದು ಸೇರಿಸಿದ್ದರು. ಕೆಳಗೆ ಪಾಸು.

ಆ ಎರಡು ಪದ ತೆಗೆಯಿರಿ ಎಂದು ಕೇಳುವುದು ನಾಲಿಗೆಯ ತುದಿಗೆ ಬಂದಿತ್ತು. ಕ್ಯಾಬಿನ್ನಿನಿಂದ ಇಳಿದು ಬಂದ ಆಪರೇಟರ್ ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.