ಮಾಟುಂಗದ ವಸಂತಕ್ಕ

ಕಳೆದ ವರ್ಷ ಫೆಬ್ರವರಿಯಲ್ಲಿ ನನ್ನ ತಮ್ಮ ಸಂಜೀವನ ಮದುವೆ ಮುಂಬೈನ ಮಾಟುಂಗದಲ್ಲಿ ನಡೆಯಿತು. ನಾವು ಧಾರವಾಡದವರು. ಹುಡುಗಿಯ ಮನೆಯವರು ವಿಜಯಪುರದ ಕಡೆಯವರು, ಬಹಳ ವರ್ಷಗಳಿಂದ ಮಾಟುಂಗದ ಪಕ್ಕದ ವಡಾಲದಲ್ಲಿ ಇದ್ದಾರೆ. ಹುಡುಗಿಯ ತಂದೆಗೆ ಕೆಲವೇ ತಿಂಗಳ ಹಿಂದೆ ಹೃದಯದ ಆಪರೇಷನ್ ಆಗಿತ್ತು. ಆದರೂ ಅವರು, ನಿಮ್ಮ ಮಂದಿ ಇಳಿದುಕೊಳ್ಳಲು ನಾನೇ ವ್ಯವಸ್ಥೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದರು. ನಮ್ಮ ಅವ್ವ ಒಪ್ಪಲಿಲ್ಲ. "ಅವ್ರು ಆರಾಮ ಇರ್ಲಿ. ನಮ್ಮ ಇಳಕೊಳ್ಳೋ ಚಿಂತಿ ನಮಗ ಇರ್ಲಿ" ಎಂದಳು. ಅಪ್ಪ ತೀರಿಕೊಂಡ ಮೇಲೆ ಮನೆಯ ಇಂಥ ಕೆಲಸವೆಲ್ಲ ನನ್ನ ಪಾಲಿಗೆ ಬಂದಿದೆ.

ಒಂದು ಪ್ರವಾಸದ ವೆಬ್‌ಸೈಟ್‌ನಲ್ಲಿ ಹುಡುಕಿದೆ. ಮದುವೆಯ ಹಾಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹೋಟೆಲ್ ಸಿಕ್ಕಿತು. ಫೋಟೋಗಳು ಚೆನ್ನಾಗಿದ್ದವು, ಬರೆದವರೆಲ್ಲ ಹೊಗಳಿದ್ದರು. ಆರು ಕೋಣೆಗಳನ್ನು ಕಾಯ್ದಿರಿಸಿದೆ. ಬುಕಿಂಗ್ ಖಚಿತವಾಗಿದೆ ಎಂಬ ಸಂದೇಶವೂ ತಕ್ಷಣ ಬಂತು. ಹೊರಡುವ ಹಿಂದಿನ ದಿನ ಇನ್ನೊಂದು ಸಂದೇಶ ಬಂತು: 'ನಿಮ್ಮ ಸ್ವಾಗತಕ್ಕೆ ಕಾಯುತ್ತಿದ್ದೇವೆ.'

ಮದುವೆಯ ಮುನ್ನಾದಿನ ಬೆಳಿಗ್ಗೆ ನಾವು ದಾದರ್‌ನಲ್ಲಿ ರೈಲು ಇಳಿದು, ಟ್ಯಾಕ್ಸಿಗಳಲ್ಲಿ ಮಾಟುಂಗಕ್ಕೆ ಬಂದೆವು. ಮುದುಕರು, ಮಕ್ಕಳು, ಪಾತ್ರೆ ಪಡಗ, ಬುತ್ತಿಯ ಗಂಟು, ಎಲ್ಲ ಸೇರಿ ದೊಡ್ಡ ದಿಬ್ಬಣ. ವಿಳಾಸ ಸರಿಯಾಗಿತ್ತು, ಕಟ್ಟಡವೂ ಫೋಟೋದಲ್ಲಿದ್ದದ್ದೇ. ಆದರೆ ಬಾಗಿಲ ಮೇಲಿದ್ದ ಬೋರ್ಡು ಬೇರೆ: ಉದ್ಯೋಗಸ್ಥ ಮಹಿಳೆಯರ ವಸತಿಗೃಹ.

ಒಳಗಿನಿಂದ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಂದರು. ತೆಳು ಬಣ್ಣದ ಹತ್ತಿ ಸೀರೆ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ನನ್ನ ಮೊಬೈಲಿನಲ್ಲಿದ್ದ ಸಂದೇಶವನ್ನು ಓದಿ, ಕನ್ನಡಕ ತೆಗೆದು, ನಮ್ಮ ಸಾಮಾನಿನ ರಾಶಿಯನ್ನು ನೋಡಿದರು.

"ಇಲ್ಲಿ ಹೋಟೆಲ್ ಮುಚ್ಚಿ ವರ್ಷ ಕಳೀತು ಮಾರಾಯ್ರೆ. ಈಗ ಇದು ಹುಡುಗಿಯರ ಹಾಸ್ಟೆಲ್. ಆ ವೆಬ್‌ಸೈಟಿನವರಿಗೆ ಎಷ್ಟು ಸಲ ಹೇಳಿದ್ರೂ ಹೆಸರು ತೆಗೀಲಿಲ್ಲ. ನಿಮ್ಮ ಹಾಗೆ ಬೇರೆಯವರೂ ಬಂದು ಹೋಗಿದ್ದಾರೆ" ಎಂದರು. ಅವರೇ ಅಲ್ಲಿಯ ವಾರ್ಡನ್. ಉಡುಪಿ ಕಡೆಯವರು, ಹೆಸರು ವಸಂತಿ, ಹಾಸ್ಟೆಲಿನ ಹುಡುಗಿಯರಿಗೆ ವಸಂತಕ್ಕ.

ನಾನು ವೆಬ್‌ಸೈಟ್‌ನ ಸಹಾಯವಾಣಿಗೆ ಫೋನ್ ಮಾಡಿದರೆ ಯಂತ್ರದ ದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿ ಕೊನೆಗೆ ಕಾಯಿರಿ ಎಂದಿತು. ಸಂಜೀವ ಸುತ್ತಮುತ್ತಲಿನ ಲಾಡ್ಜುಗಳಿಗೆ ಫೋನ್ ಹಚ್ಚಿದ. ಮದುವೆಯ ಹಂಗಾಮು, ಎಲ್ಲೂ ಜಾಗವಿಲ್ಲ. ದೂರದ ಗ್ರಾಂಟ್ ರೋಡ್‌ನಲ್ಲಿ ಎರಡು ಕೋಣೆ ಸಿಗಬಹುದೆಂದರು, ಅಷ್ಟೇ. ಸಂಜೆ ವರಪೂಜೆ. "ಮಾವಗ ಫೋನ್ ಮಾಡ್ಲೇನು?" ಎಂದು ಅವನು ಕೇಳಿದ.

"ಬ್ಯಾಡ. ಕೇಳಿದ ಕೂಡ್ಲೇ ಅವ್ರು ಎದ್ದು ಓಡಾಡ್ಲಿಕ್ಕೆ ಹತ್ತತಾರ. ಆ ಜೀವಕ್ಕ ಏನರ ಆದ್ರ?" ಎಂದು ಅವ್ವ ಟ್ರಂಕಿನ ಮೇಲೆ ಕುಳಿತಳು. ಮಂಡಿನೋವಿಗೆ ಅವಳ ಮುಖ ಕಿವುಚಿಕೊಂಡಿತ್ತು.

ವಸಂತಿಯವರು ಈ ಮಾತು ಕೇಳುತ್ತ ನಿಂತಿದ್ದರು. ಅವ್ವನ ಹತ್ತಿರ ಬಂದು, "ಬೀಗರಿಗೆ ಹುಷಾರಿಲ್ವಾ ಅಮ್ಮ?" ಎಂದು ಕೇಳಿದರು. ಅವ್ವ ಆಪರೇಷನ್ ವಿಷಯ ಹೇಳಿದಳು. ವಸಂತಿ ಬಾಗಿ ಅವ್ವನ ತೋಳು ಹಿಡಿದು ಎಬ್ಬಿಸಿದರು. "ಮೊದಲು ಒಳಗೆ ಬನ್ನಿ. ಹೆಂಗಸರು, ಮಕ್ಕಳು ಎಲ್ಲ ಬನ್ನಿ. ಗಂಡಸರನ್ನು ಇಲ್ಲಿ ಬಿಡ್ಲಿಕ್ಕೆ ಇಲ್ಲ, ಅವರಿಗೆ ಬೇರೆ ಏನಾದ್ರೂ ನೋಡುವ."

ನಂತರ ಅವರು ಹಾಸ್ಟೆಲ್ ನಡೆಸುವ ಟ್ರಸ್ಟಿನ ಕಾರ್ಯದರ್ಶಿಗೆ ಫೋನ್ ಮಾಡಿದರು. ಹೊರಗಿನವರನ್ನು ಉಳಿಸಿಕೊಳ್ಳಬಾರದೆಂಬ ನಿಯಮವಿತ್ತಂತೆ. ಆ ಕಡೆಯ ದನಿ ಏರಿದ್ದು ನನಗೂ ಕೇಳಿಸುತ್ತಿತ್ತು. ವಸಂತಿ ಮಾತ್ರ ದನಿ ಎತ್ತಲಿಲ್ಲ. "ಕೇಳ್ಲಿಕ್ಕೆ ಅಲ್ಲ ಸರ್, ಹೇಳ್ಲಿಕ್ಕೆ ಫೋನ್ ಮಾಡಿದ್ದು. ನಾನು ಅವರನ್ನು ಒಳಗೆ ಕರಕೊಂಡಾಯ್ತು. ವಿಳಾಸ ನಮ್ಮದು, ಬಾಗಿಲು ನಮ್ಮದು, ನಂಬಿ ಬಂದದ್ದು ಇಲ್ಲಿಗೆ. ಏನಾದ್ರೂ ಆದ್ರೆ ಜವಾಬ್ದಾರಿ ನನ್ನದು" ಎಂದು ಹೇಳಿ ಫೋನ್ ಇಟ್ಟರು. ಗುರುತು ಪರಿಚಯ ಇಲ್ಲದ ನಮಗಾಗಿ ಈಕೆ ತನ್ನ ಕೆಲಸವನ್ನೇ ಪಣಕ್ಕಿಟ್ಟಿದ್ದಾರೆ ಎಂದು ಆಗ ನನಗೆ ತಿಳಿಯಿತು.

ಗಂಡಸರಿಗೆ ಹತ್ತಿರದ ಕನ್ನಡ ಸಂಘದ ಹಾಲ್ ಸಿಕ್ಕಿತು. ಅದೂ ವಸಂತಿಯವರ ಮಾತಿನಿಂದಲೇ. ಯಕ್ಷಗಾನದ ತಾಲೀಮು ನಡೆಯುವ ಜಾಗ ಅದು. ಮೂಲೆಯಲ್ಲಿ ವೇಷದ ಪೆಟ್ಟಿಗೆಗಳು, ಗೋಡೆಗೆ ತೂಗುಹಾಕಿದ ಕಿರೀಟಗಳು. ಮದುಮಗ ಮಲಗಿದ್ದು ಆ ಕಿರೀಟಗಳ ಕೆಳಗೆ. ಅವನ ಗೆಳೆಯರು ಈಗಲೂ ಅವನನ್ನು ಮಹಾರಾಜ ಎಂದೇ ಕರೆಯುತ್ತಾರೆ.

ಹಾಸ್ಟೆಲ್‌ನಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ತಮ್ಮ ಮಂಚ ಬಿಟ್ಟುಕೊಟ್ಟರು. ರಿಯಾ ಎಂಬ ಹುಡುಗಿ ಪುಣೆಯಲ್ಲಿ ಬೆಳೆದವಳು, ಮನೆಮಾತು ತುಳು, ಕನ್ನಡ ಅರ್ಧಂಬರ್ಧ. "ಆಂಟಿ, ನೀವು ನನ್ನ ಬೆಡ್ ಮೇಲೆ ಆರಾಮ್ ಸೇ ಮಲಗಿ. ನಾನು ಫ್ರೆಂಡ್ ಜೊತೆ ಅಡ್ಜಸ್ಟ್ ಮಾಡ್ತೀನಿ" ಎಂದಳು. ಸಂಜೆ ಆಫೀಸಿನಿಂದ ಬೇಗ ಬಂದು ಅವ್ವನ ತಂಗಿ ಚಿಗವ್ವನಿಗೆ ತುರುಬು ಕಟ್ಟಿ, ನನ್ನ ಸೀರೆಯ ನೆರಿಗೆ ಸರಿಮಾಡಿದಳು. ಅವ್ವನನ್ನು ವಸಂತಿ ತಮ್ಮ ಮಂಚದಲ್ಲೇ ಮಲಗಿಸಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟಿದ್ದರು. ನಾವು ವರಪೂಜೆಗೆ ಹೊರಟಾಗ ಯಾರ ಮುಖದಲ್ಲೂ ಬೆಳಗಿನ ಗಾಬರಿ ಉಳಿದಿರಲಿಲ್ಲ. ಬೀಗರು, "ಇಳಕೊಂಡಲ್ಲೆ ಎಲ್ಲ ಅನುಕೂಲ ಐತಿಲ್ಲ?" ಎಂದು ಕೇಳಿದರು. "ಮನ್ಯಾಗಿದ್ದಂಗ ಐತ್ರಿ" ಎಂದಳು ಅವ್ವ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುದಿನ ಮದುವೆಗೆ ವಸಂತಿಯವರನ್ನು ಎಷ್ಟು ಕರೆದರೂ ಅವರು "ಹಾಸ್ಟೆಲ್ ಬಿಟ್ಟು ಹೇಗೆ ಬರುವುದು?" ಎಂದೇ ಹೇಳುತ್ತಿದ್ದರು. ಕೊನೆಗೆ ಅಕ್ಷತೆ ಮುಗಿದು ಊಟದ ಹೊತ್ತಿಗೆ ರಿಯಾ ಅವರನ್ನು ಕೈ ಹಿಡಿದು ಎಳೆದುಕೊಂಡು ಬಂದಳು. ಬಾಗಿಲಲ್ಲೇ ನಿಂತಿದ್ದ ಅವರನ್ನು ಕಂಡು ಬೀಗರು, "ಇವರು ಯಾರ್ರೀ? ಗುರುತು ಸಿಗವಲ್ತು" ಎಂದು ಅವ್ವನನ್ನು ಕೇಳಿದರು.

"ನಮ್ಮ ಮಂದಿ" ಎಂದಳು ಅವ್ವ.

ಊಟವಾದ ಮೇಲೆ ಮನೆಯ ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಿದ್ದರು. ಅಪ್ಪ ಹೋದಂದಿನಿಂದ ಅವ್ವ ಇಂಥ ಹೊತ್ತಿನಲ್ಲಿ ತಾನಾಗಿಯೇ ಹಿಂದೆ ಸರಿದು ಕೂಡುತ್ತಾಳೆ. ನಾವು ಎಷ್ಟು ಹೇಳಿದರೂ ಕೇಳಿಲ್ಲ. ಅವತ್ತು ಮಾತ್ರ ಮೂಲೆಯಿಂದ ಎದ್ದಳು. ಚಿಗವ್ವನ ಕೈಯಿಂದ ತಟ್ಟೆ ತೆಗೆದುಕೊಂಡು, ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಇಟ್ಟು, ಮಂಡಿನೋವಿನಲ್ಲೇ ಹಾಲ್ ದಾಟಿ ವಸಂತಿಯವರ ಎದುರು ಹೋಗಿ ನಿಂತಳು. "ಸೆರಗು ಒಡ್ಡವ್ವಾ" ಎಂದಳು.

ವಸಂತಿ ಎರಡು ಹೆಜ್ಜೆ ಹಿಂದೆ ಸರಿದರು. "ನನಗೆ ಬೇಡ ಅಮ್ಮ. ಇದೆಲ್ಲ ಮುತ್ತೈದೆಯರಿಗೆ. ನಮ್ಮ ಯಜಮಾನ್ರು ಹೋಗಿ ತುಂಬ ವರ್ಷ ಆಯ್ತು" ಎಂದು ಮೆಲ್ಲಗೆ ಹೇಳಿದರು.

"ನಮ್ಮವರೂ ಇಲ್ಲ. ತುಂಬಾಕಿ ನಾನು, ಒಡ್ಡಾಕಿ ನೀನು. ನಡುವ ಮಾತಾಡೋರು ಯಾರದಾರ?"

ಚಿಗವ್ವ ಏನೋ ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು. ವಸಂತಿ ಸೆರಗು ಒಡ್ಡಿದರು. ಅವ್ವ ಅಕ್ಕಿ ಹಾಕಿ, ಹಣೆಗೆ ಕುಂಕುಮ ಇಟ್ಟಳು.

ಬೀಗರಿಗೆ ನಿಜ ಸಂಗತಿ ಹೇಳಿದ್ದು ತಿಂಗಳು ಕಳೆದ ಮೇಲೆ. ಅವರು ನಕ್ಕರು, ಸ್ವಲ್ಪ ಬೈದರು, ಮಾರನೆಯ ದಿನವೇ ಹಾಸ್ಟೆಲ್‌ಗೆ ಹೋಗಿ ವಸಂತಿಯವರಿಗೆ ಕೈಮುಗಿದು ಬಂದರು. ವೆಬ್‌ಸೈಟ್‌ನಿಂದ ಆ ಹೋಟೆಲಿನ ಹೆಸರನ್ನು ಕೊನೆಗೂ ತೆಗೆದುಹಾಕಿದ್ದಾರೆ. ವಸಂತಿ ದಿನಾ ಫೋನ್ ಮಾಡಿ ವೆಬ್‌ಸೈಟಿನವರ ಬೆನ್ನು ಹತ್ತಿದ್ದರೆಂದು ರಿಯಾ ಹೇಳಿದಳು. ಕಾರ್ಯದರ್ಶಿ ವಸಂತಿಯವರನ್ನು ಕೆಲಸದಿಂದ ತೆಗೆಯಲಿಲ್ಲ. ಹುಡುಗಿಯರೆಲ್ಲ ಒಟ್ಟಾಗಿ ಹೋಗಿ ಮಾತಾಡಿದ್ದರಂತೆ.

ನಾನು ಈಗಲೂ ಬೇರೆ ಊರಿಗೆ ಹೋಗುವಾಗ ಮೊಬೈಲಿನಲ್ಲೇ ಕೋಣೆ ಹುಡುಕುತ್ತೇನೆ. ಆದರೆ ಹಣ ಕಟ್ಟುವ ಮೊದಲು ಅಲ್ಲಿಗೆ ಫೋನ್ ಮಾಡಿ, ಎತ್ತಿದವರ ಹೆಸರು ಕೇಳುತ್ತೇನೆ. ಅವ್ವನಿಗೆ ಮುಂಬೈ ಎಂದರೆ ಈಗ ಬೀಗರ ಊರಲ್ಲ. "ನಮ್ಮ ವಸಂತಿ ಊರು" ಎನ್ನುತ್ತಾಳೆ. ಯಾರಾದರೂ ಯಾವ ವಸಂತಿ ಎಂದು ಕೇಳಿದರೆ, ನನ್ನ ಇನ್ನೊಬ್ಬ ಮಗಳು ಎನ್ನುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ.